ಭಾನುವಾರದ ಕಾಗದದಲ್ಲಿ ಇಲ್ಲದ ಸಾಲು

ಭಾನುವಾರ ಬೆಳಿಗ್ಗೆ ತರಗತಿಯಲ್ಲಿ ಕೂತು ಮನೆಗೆ ಕಾಗದ ಬರೆಯಬೇಕು. ಮೇಷ್ಟರು ಬೆಂಚುಗಳ ನಡುವೆ ಓಡಾಡುತ್ತ, ಬಗ್ಗಿ ನೋಡಿ ತಪ್ಪು ತಿದ್ದುತ್ತಾರೆ. ಫುಟ್‌ಬಾಲಿನಲ್ಲಿ ಗೆದ್ದೆವು, ಮಳೆ ಬಂತು, ಅಂಚೆಚೀಟಿ ಕಳಿಸಿ, ಇಷ್ಟು ಬರೆದರೆ ಸಾಕು. ‘ಅಮ್ಮಾ, ನನಗಿಲ್ಲಿ ಇರೋಕಾಗಲ್ಲ’ ಎಂಬ ಸಾಲಿಗೆ ಅಲ್ಲಿ ಜಾಗವಿರಲಿಲ್ಲ. ಎರಡನೇ ಮಹಾಯುದ್ಧದ ನಂತರದ ದಶಕಗಳಲ್ಲಿ ಇಂಗ್ಲೆಂಡಿನ ಬೋರ್ಡಿಂಗ್ ಸ್ಕೂಲುಗಳಲ್ಲಿ ಬೆಳೆದವರ ನೆನಪುಗಳಲ್ಲಿ ಈ ಕಾಗದ ಮತ್ತೆ ಮತ್ತೆ ಬರುತ್ತದೆ.

ಪದ್ಧತಿ ಹಳೆಯದು. 1925ರಲ್ಲಿ ಒಂಬತ್ತು ವರ್ಷದ ರೋಲ್ಡ್ ಡಾಲ್, ಮುಂದೆ ಮಕ್ಕಳ ಕಥೆಗಾರನಾದವನು, ಕೂಡ ಹೀಗೇ ಬರೆದ. ಆ ಕಾಗದಗಳನ್ನೆಲ್ಲ ಅವನ ತಾಯಿ ಕಟ್ಟು ಕಟ್ಟಿ ಜೋಪಾನ ಮಾಡಿದ್ದರು. ಆದರೆ ಬೆತ್ತದೇಟು, ಮನೆಯ ಹಂಬಲ ಏನೆಂಬುದು ಓದುಗರಿಗೆ ತಿಳಿದದ್ದು ಆ ಕಾಗದಗಳಿಂದಲ್ಲ, 1984ರಲ್ಲಿ ಬಂದ ಅವನ ‘ಬಾಯ್’ ಪುಸ್ತಕದಿಂದ.

ಯುದ್ಧ ಮುಗಿದರೂ ಶಾಲೆಗಳ ದಿನಚರಿ ಹೆಚ್ಚು ಬದಲಾಗಲಿಲ್ಲ. ಏಳೆಂಟು ವರ್ಷಕ್ಕೇ ಮನೆ ಬಿಡಬೇಕು. ಬಟ್ಟೆಬಟ್ಟೆಗೂ ಹೆಸರಿನ ಪಟ್ಟಿ ಹೊಲಿದು ತುಂಬಿದ ಟ್ರಂಕು, ತಿಂಡಿಯ ‘ಟಕ್ ಬಾಕ್ಸ್’, ರೈಲ್ವೆ ಸ್ಟೇಷನ್ನಿನಲ್ಲಿ ನುಂಗಿಕೊಂಡ ಅಳು. ಸಿಹಿಗೆ 1953ರ ಫೆಬ್ರುವರಿವರೆಗೂ ರೇಷನ್ ಇದ್ದ ದೇಶದಲ್ಲಿ ಆ ಪೆಟ್ಟಿಗೆ ನಿಧಿಯೇ ಸರಿ. ಅನೇಕ ಶಾಲೆಗಳಲ್ಲಿ ಹುಡುಗನನ್ನು ಅವನ ಸ್ವಂತ ಹೆಸರಿನಿಂದ ಕರೆಯುವವರೇ ಇಲ್ಲ, ಮನೆತನದ ಹೆಸರೊಂದೇ ಉಳಿಯುತ್ತಿತ್ತು. ಅಣ್ಣ ‘ಮೇಜರ್’, ತಮ್ಮ ‘ಮೈನರ್’. ರಾತ್ರಿ ಕೊರೆಯುವ ಡಾರ್ಮಿಟರಿಯಲ್ಲಿ ಅತ್ತರೆ ಪಕ್ಕದ ಮಂಚದವನಿಗೆ ಕೇಳಿಸುತ್ತದೆ, ಬೆಳಿಗ್ಗೆ ಗೇಲಿ. ಹಾಗಾಗಿ ದಿಂಬಿಗೆ ಮುಖವೊತ್ತಿ ಸದ್ದಿಲ್ಲದೆ ಅಳುವುದನ್ನು ಮಕ್ಕಳು ಬೇಗ ಕಲಿತರು.

ಗೊತ್ತಿಲ್ಲದೆ ಆದದ್ದೆನ್ನಲು ಬರುವುದಿಲ್ಲ. ತಾಯಿಯಿಂದ ದೂರವಾದ ಮಗುವಿನ ಮನಸ್ಸಿಗೆ ಆಗುವ ಪೆಟ್ಟಿನ ಬಗ್ಗೆ ಬ್ರಿಟಿಷ್ ಮನೋವೈದ್ಯ ಜಾನ್ ಬೌಲ್ಬಿ ವಿಶ್ವ ಆರೋಗ್ಯ ಸಂಸ್ಥೆಗೆ ವರದಿ ಕೊಟ್ಟದ್ದು 1951ರಲ್ಲಿ. ಆಸ್ಪತ್ರೆಯಲ್ಲಿರುವ ಮಕ್ಕಳನ್ನು ನೋಡಲು ತಂದೆತಾಯಿಗೆ ಅಡ್ಡಿ ಮಾಡಬೇಡಿ ಎಂದು ಬ್ರಿಟಿಷ್ ಸರ್ಕಾರದ ಪ್ಲ್ಯಾಟ್ ಸಮಿತಿ 1959ರಲ್ಲಿ ಹೇಳಿತು. ಆಸ್ಪತ್ರೆಯ ಬಾಗಿಲು ನಿಧಾನವಾಗಿ ತೆರೆಯಿತು. ಉಳ್ಳವರ ಮಕ್ಕಳ ಶಾಲೆಗೆ ಮಾತ್ರ ಆ ತಿಳಿವು ತಲುಪಲಿಲ್ಲ. ಅಪ್ಪನೂ ಅಲ್ಲೇ ಓದಿದ್ದ, ಅಜ್ಜನೂ ಓದಿದ್ದ. ಬೆತ್ತದ ವಿಷಯದಲ್ಲೂ ಹಾಗೇ ಆಯಿತು: ಸರ್ಕಾರಿ ಶಾಲೆಗಳಲ್ಲಿ 1987ರಲ್ಲಿ ನಿಷೇಧ ಬಂದರೆ, ಇಂಗ್ಲೆಂಡಿನ ಖಾಸಗಿ ಶಾಲೆಗಳಿಗೆ ಅದು ಬಂದದ್ದು 1999ರಲ್ಲಿ.

ಸುಖವಾಗಿದ್ದವರು ಇಲ್ಲವೇ? ಇದ್ದಾರೆ. ಜೀವಮಾನದ ಗೆಳೆತನ, ಸಂಗೀತ, ಆಟ ಸಿಕ್ಕಿತೆನ್ನುವವರ ಮಾತನ್ನೂ ನಂಬಬೇಕು. ಕನ್ನಡದ ಮನೆಗಳ ಮಕ್ಕಳು ಎನಿಡ್ ಬ್ಲೈಟನ್‌ರ ‘ಮ್ಯಾಲರಿ ಟವರ್ಸ್’ ಓದಿ ಕಂಡ ಕನಸು ಪೂರ್ತಿ ಸುಳ್ಳಲ್ಲ.

ಆದರೆ ನೊಂದವರು ಬಾಯಿಬಿಟ್ಟಾಗ ‘ಇಷ್ಟು ವರ್ಷ ಯಾಕೆ ಸುಮ್ಮನಿದ್ದಿರಿ’ ಎಂದು ಕೇಳುವುದು ಅನ್ಯಾಯ. ಈ ನೋವಿಗೆ ‘ಬೋರ್ಡಿಂಗ್ ಸ್ಕೂಲ್ ಸಿಂಡ್ರೋಮ್’ ಎಂದು ಹೆಸರಿಟ್ಟ ಮನೋಚಿಕಿತ್ಸಕಿ ಜಾಯ್ ಶಾವೆರಿಯನ್‌ರ ಪುಸ್ತಕ ಬಂದದ್ದೇ 2015ರಲ್ಲಿ. ರಾಜಕುಮಾರಿ ಡಯಾನಾರ ತಮ್ಮ ಚಾರ್ಲ್ಸ್ ಸ್ಪೆನ್ಸರ್ ಎಪ್ಪತ್ತರ ದಶಕದ ತಮ್ಮ ಶಾಲಾದಿನಗಳನ್ನು ಬರೆದದ್ದು 2024ರಲ್ಲಿ, ಅರವತ್ತರ ಹೊಸ್ತಿಲಲ್ಲಿ. ಮೇಷ್ಟರ ಕಣ್ಣೆದುರು ಬರೆದ ಕಾಗದವನ್ನು ಸುಖಕ್ಕೆ ಸಾಕ್ಷಿ ಎಂದು ಹಿಡಿಯಲಾಗದು.

ಇಂಗ್ಲೆಂಡಿನ ಕೆಲವು ಶಾಲೆಗಳು ಇಂದಿಗೂ ಎಂಟು ವರ್ಷದವರಿಗೆ ಹಾಸಿಗೆ ಹಾಕಿಕೊಡುತ್ತವೆ. ಬೆತ್ತ ಹೋಗಿದೆ, ಫೋನ್ ಬಂದಿದೆ. ಅಷ್ಟಾದರೂ ರಾತ್ರಿ ಕೆಟ್ಟ ಕನಸು ಬಿದ್ದು ಎಚ್ಚರಾದ ಮಗು ಅಮ್ಮನಿಗಾಗಿ ತಡಕಾಡುವ ವಯಸ್ಸು ಅದು. ಅಷ್ಟು ಎಳೆಯರನ್ನು ಸೇರಿಸಿಕೊಳ್ಳುವುದನ್ನು ಅಲ್ಲಿನ ಕಾನೂನು ನಿಲ್ಲಿಸಬೇಕು.