ಕರೆಂಟ್ ಹೋದಾಗ ಮಾತ್ರ ಸರಿ ಇರುವ ಕಂಪ್ಯೂಟರ್

ನಮ್ಮೂರ ಕಡೆ ಆಟಿ ತಿಂಗಳಲ್ಲಿ ಮದುವೆ ಇಲ್ಲ. ಹಾಗಾಗಿ ಗುರುವಾಯನಕೆರೆ ಪೇಟೆಯಲ್ಲಿ ಸ್ಟುಡಿಯೋ ಇಟ್ಟಿರುವ ಭಾವನಿಗೆ ಮೇ ತಿಂಗಳ ಮದುವೆಗಳ ಆಲ್ಬಮ್ ಮುಗಿಸುವ ಸಮಯ ಅದು. ಈ ಸಲ ಊರಿಗೆ ಹೋದಾಗ ಅಕ್ಕ ಚಹಾ ಕೊಡುವ ಮೊದಲೇ ಅವರು ಶುರು ಮಾಡಿದರು.

"ಭಾವ, ಕಂಪ್ಯೂಟರ್ ನೀಲಿ ಆಗ್ತಾ ಉಂಟು ಮಾರಾಯ. ದಿನಕ್ಕೆ ಹತ್ತು ಸಲ. ರಿಪೇರಿಯವ ಫಾರ್ಮ್ಯಾಟ್ ಮಾಡ್ಬೇಕು ಹೇಳ್ತಾನೆ. ಎರಡು ಮದುವೆಯ ಫೋಟೋ ಪೂರಾ ಡೆಸ್ಕ್‌ಟಾಪಲ್ಲೇ ಉಂಟು."

"ಬೇರೆ ಎಲ್ಲಿಯಾದ್ರೂ ಕಾಪಿ ಇದೆಯಾ?"

"ಕ್ಯಾಮೆರಾ ಕಾರ್ಡ್ ಖಾಲಿ ಮಾಡಿ ಆಯ್ತು."

ಮದುವೆಯನ್ನು ಎರಡನೇ ಸಲ ಮಾಡಿಸುವಂತಿಲ್ಲವಲ್ಲ. ಚಹಾ ಅರ್ಧಕ್ಕೇ ಬಿಟ್ಟು ಹೊರಟೆವು.

ದಾರಿಯಲ್ಲಿ ಅವರು ಇನ್ನೊಂದು ಮಾತು ಹೇಳಿದರು: "ತಮಾಷೆ ಎಂತ ಗೊತ್ತುಂಟಾ? ಕರೆಂಟ್ ಹೋದಾಗ ಇನ್ವರ್ಟರಲ್ಲಿ ಚಂದ ಓಡ್ತದೆ. ಕರೆಂಟ್ ಬಂದ ಕೂಡ್ಲೇ ಢಮಾರ್." ನಾನು ನಕ್ಕು ಸುಮ್ಮನಾದೆ. ಎಂಟು ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿದವನಿಗೆ ಇರುವ ಕೊಬ್ಬು ಅದು. ನೀವು ನಗಬೇಡಿ, ಬಳಸುವವರು ಹೇಳುವುದನ್ನು ಪೂರ್ತಿ ಕೇಳಿ. ನನಗೆ ಅದು ಒಂದೂವರೆ ಗಂಟೆ ದಂಡವಾದ ಮೇಲೆ ಗೊತ್ತಾಯಿತು.

ಮೊದಲ ಕೆಲಸ ಮಾತ್ರ ಸರಿಯಾಗಿ ಮಾಡಿದೆ. ಕಂಪ್ಯೂಟರನ್ನು ಸೇಫ್ ಮೋಡ್‌ಗೆ ತಂದೆ. ಲಾಗಿನ್ ಪರದೆಯಲ್ಲಿ ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಕೊಡಿ. ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ಮತ್ತೆ ರೀಸ್ಟಾರ್ಟ್, ಆಮೇಲೆ 4 ಒತ್ತಿ. ಲಾಗಿನ್ ತನಕವೂ ಬರದಿದ್ದರೆ, ವಿಂಡೋಸ್ ಶುರುವಾಗುವಾಗಲೇ ಪವರ್ ಬಟನ್ ಒತ್ತಿ ಹಿಡಿದು ಎರಡು ಮೂರು ಸಲ ಆಫ್ ಮಾಡಿದರೆ ಅದೇ ರಿಪೇರಿ ಪರದೆ ತಾನಾಗಿ ಬರುತ್ತದೆ. ಸೇಫ್ ಮೋಡ್‌ನಲ್ಲಿ ತೀರಾ ಅಗತ್ಯದ ಡ್ರೈವರ್‌ಗಳು ಮಾತ್ರ ಓಡುತ್ತವೆ. ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಹಾಕಿ ಎರಡೂ ಮದುವೆಯ ಫೋಟೋ ಕಾಪಿಗೆ ಇಟ್ಟೆ. ಒಮ್ಮೆಯೂ ನೀಲಿಯಾಗಲಿಲ್ಲ. ಅದು ಮುಗಿಯುವವರೆಗೆ ಭಾವ ಒಂದು ಮಾತೂ ಆಡಲಿಲ್ಲ.

ಆಮೇಲೆ ನನ್ನ ತಪ್ಪು. ಸೇಫ್ ಮೋಡ್‌ನಲ್ಲಿ ಅಷ್ಟು ಹೊತ್ತು ಸರಿ ಇತ್ತೆಂದರೆ ಅನುಮಾನ ಡ್ರೈವರ್ ಮೇಲೆ ಹೋಗಬೇಕಿತ್ತು. ನಾನು RAM ತೆಗೆದು ರಬ್ಬರ್‌ನಿಂದ ಉಜ್ಜಿದೆ, ಮೆಮೊರಿ ಪರೀಕ್ಷೆ ಓಡಿಸಿದೆ, ಫ್ಯಾನಿನ ಧೂಳು ಊದಿದೆ. ಮಾಮೂಲಿ ಮೋಡ್‌ಗೆ ಬಂದು ಐದು ನಿಮಿಷಕ್ಕೆ ಮತ್ತೆ ನೀಲಿ.

"ಡ್ರೈವರ್ ಇರ್ಬೇಕು," ಅಂದೆ.

"ಎಂತ ಡ್ರೈವರ್, ಬಸ್ಸಿನದ್ದಾ?"

ಹೆಚ್ಚು ಕಡಿಮೆ ಹಾಗೇ. ಪ್ಯಾಸೆಂಜರ್ ನಿದ್ದೆ ಹೊಡೆದರೆ ಬಸ್ಸಿಗೇನೂ ಆಗುವುದಿಲ್ಲ. ಚಾರ್ಮಾಡಿ ಘಾಟಿಯಲ್ಲಿ ಡ್ರೈವರ್ ತೂಕಡಿಸಿದರೆ ಎಲ್ಲರ ಕಥೆಯೂ ಮುಗಿಯಿತು. ಫೋಟೋ ಎಡಿಟ್ ಮಾಡುವ ಆ್ಯಪ್ ತಪ್ಪಿದರೆ ಅದೊಂದೇ ಮುಚ್ಚಿಕೊಳ್ಳುತ್ತದೆ. ಹೆಚ್ಚಿನ ಹಾರ್ಡ್‌ವೇರ್ ಡ್ರೈವರ್‌ಗಳು ಹಾಗಲ್ಲ, ವಿಂಡೋಸಿನ ಗರ್ಭಗುಡಿಯಾದ ಕರ್ನೆಲ್‌ನಲ್ಲೇ ಓಡುತ್ತವೆ. ಅಲ್ಲಿ ಮುಟ್ಟಬಾರದ ಮೆಮೊರಿ ಮುಟ್ಟಿದರೆ, ಡೇಟಾ ಇನ್ನಷ್ಟು ಹಾಳಾಗುವ ಮೊದಲು ವಿಂಡೋಸ್ ತಾನೇ ಎಲ್ಲವನ್ನೂ ನಿಲ್ಲಿಸುತ್ತದೆ. ನೀಲಿ ಪರದೆ ಎಂದರೆ ಇಷ್ಟೇ. ಹೊಸ ವಿಂಡೋಸ್ 11ರಲ್ಲಿ ಅದಕ್ಕೆ ಕಪ್ಪು ಬಣ್ಣ ಬಳಿದಿದ್ದಾರೆ, ಸಂಕಟ ಅದೇ.

2024ರ ಜುಲೈ 19 ನೆನಪಿದೆಯಲ್ಲ? ಶುಕ್ರವಾರ, ನಮ್ಮ ಸಮಯ ಬೆಳಿಗ್ಗೆ 9:39ಕ್ಕೆ ಕ್ರೌಡ್‌ಸ್ಟ್ರೈಕ್ ಕಂಪನಿಯ ಒಂದು ಸಣ್ಣ ಅಪ್‌ಡೇಟ್ ಹೊರಟಿತು. ಅವರ ಭದ್ರತಾ ಡ್ರೈವರ್ ಓದುವ ಫೈಲ್ ಅದು. ಫೈಲ್ 21ನೇ ಮಾಹಿತಿಯನ್ನು ಕೇಳಿತು, ಕೋಡ್ ಕೊಡುತ್ತಿದ್ದದ್ದು 20. ಇಲ್ಲದ್ದನ್ನು ಓದಲು ಹೋದ ಡ್ರೈವರ್ ವಿಂಡೋಸನ್ನೂ ಕೆಡವಿತು. ಮೈಕ್ರೋಸಾಫ್ಟ್ ಅಂದಾಜಿನಂತೆ 85 ಲಕ್ಷ ಯಂತ್ರಗಳು. ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಉದ್ದುದ್ದ ಕ್ಯೂ. ಇಂಡಿಗೋ ಕೈಯಲ್ಲಿ ಬರೆದುಕೊಟ್ಟ ಬೋರ್ಡಿಂಗ್ ಪಾಸ್‌ನ ಫೋಟೋ ನಿಮ್ಮ ವಾಟ್ಸ್ಆ್ಯಪ್‌ಗೂ ಬಂದಿರಬೇಕು. ಕಂಪನಿ 78 ನಿಮಿಷದಲ್ಲಿ ಅಪ್‌ಡೇಟ್ ಹಿಂಪಡೆಯಿತು. ಆದರೆ ಅಷ್ಟರಲ್ಲಿ ಬಿದ್ದ ಎಷ್ಟೋ ಯಂತ್ರಗಳ ಮುಂದೆ ಯಾರಾದರೂ ಖುದ್ದು ಕೂತು, ಸೇಫ್ ಮೋಡ್‌ಗೆ ಹೋಗಿ, ಆ ಫೈಲ್ ಅಳಿಸಬೇಕಾಯಿತು. ಬಿಟ್‌ಲಾಕರ್ ಹಾಕಿದ್ದ ಕಡೆ 48 ಅಂಕಿಯ ರಿಕವರಿ ಕೀ ಹುಡುಕುವ ಗೋಳು ಬೇರೆ. ನಿಮ್ಮ ಲ್ಯಾಪ್‌ಟಾಪಿನ ಕೀ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇದೆಯಾ ಎಂದು ಇವತ್ತೇ ನೋಡಿ, ಕಾಗದದಲ್ಲಿ ಬರೆದಿಡಿ.

ಭಾವನ ಅಂಗಡಿಗೆ ವಾಪಸ್. ನೀಲಿ ಪರದೆಯ ಕೆಳಗೆ ಒಂದು ಸ್ಟಾಪ್ ಕೋಡ್ ಇರುತ್ತದೆ. ಅದು ಓದುವಷ್ಟರಲ್ಲಿ ಮಾಯವಾಗುವುದರಿಂದ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳಿ. ಇಲ್ಲಿ ಬಂದದ್ದು 'ಡ್ರೈವರ್ ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್'. ಪ್ರತಿ ಕ್ರ್ಯಾಶ್‌ನ ಸಣ್ಣ ವರದಿ ಸಿ ಡ್ರೈವಿನಲ್ಲಿ ವಿಂಡೋಸ್ ಒಳಗಿನ ಮಿನಿಡಂಪ್ ಫೋಲ್ಡರಿನಲ್ಲಿ ಇರುತ್ತದೆ. ಬ್ಲೂಸ್ಕ್ರೀನ್‌ವ್ಯೂ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ತೆರೆದೆ. ಕೆಲವು ವರದಿಗಳಲ್ಲಿ ವಿಂಡೋಸಿನದೇ ಕರ್ನೆಲ್ ಫೈಲಿನ ಹೆಸರು ಬಂತು. ಅದನ್ನು ನಂಬಬೇಡಿ, ಹೆಚ್ಚಾಗಿ ಅದು ಪೆಟ್ಟು ತಿಂದವನು, ಕೊಟ್ಟವನಲ್ಲ. ಉಳಿದವುಗಳಲ್ಲಿ ಮತ್ತೆ ಮತ್ತೆ ಬಂದದ್ದು ಒಂದು ವೈಫೈ ಡ್ರೈವರ್.

ಆಗ ತಲೆಗೆ ಹೊಳೆಯಿತು. "ಭಾವ, ರೌಟರ್ ಇನ್ವರ್ಟರಿಗೆ ಕೊಟ್ಟಿದ್ದೀರಾ?"

"ಇಲ್ಲ, ಅದು ಲೈನಲ್ಲೇ ಉಂಟು."

ಕರೆಂಟ್ ಹೋದರೆ ರೌಟರ್ ಆಫ್. ವೈಫೈ ಇಲ್ಲ, ಡ್ರೈವರಿಗೆ ಕೆಲಸ ಇಲ್ಲ, ಕ್ರ್ಯಾಶ್ ಇಲ್ಲ. ತಮಾಷೆ ಎಂದು ನಾನು ತಳ್ಳಿಹಾಕಿದ ಮಾತಿನಲ್ಲೇ ಉತ್ತರ ಇತ್ತು. ಕಂಪ್ಯೂಟರಿನ ಹಿಂದೆ ಉಗುರಿನಷ್ಟು ದೊಡ್ಡ ವೈಫೈ ಡಾಂಗಲ್ ಸಿಕ್ಕಿಸಿತ್ತು, ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಕ್ಕಿದ್ದು, ಅದರ ಜೊತೆ ಬಂದ ಡ್ರೈವರ್.

ಡಿವೈಸ್ ಮ್ಯಾನೇಜರಿನಲ್ಲಿ 'ರೋಲ್ ಬ್ಯಾಕ್ ಡ್ರೈವರ್' ಒತ್ತೋಣವೆಂದರೆ ಅದು ಮಸುಕಾಗಿತ್ತು. ಹಳೆಯ ಡ್ರೈವರೇ ಇಲ್ಲದಿದ್ದರೆ ಹಿಂದಕ್ಕೆ ಹೋಗುವುದು ಎಲ್ಲಿಗೆ? ಅನ್‌ಇನ್‌ಸ್ಟಾಲ್ ಕೊಟ್ಟು, ಡ್ರೈವರ್ ಫೈಲನ್ನೂ ತೆಗೆಯುವ ಟಿಕ್ ಹಾಕಿ, ಡಾಂಗಲ್ ಕಿತ್ತೆ. ರೌಟರಿನಿಂದ ಆರು ಮೀಟರ್ ಲ್ಯಾನ್ ಕೇಬಲ್ ಎಳೆದೆ. 'ನಿಮ್ಮ ಎಲ್ಲ ಡ್ರೈವರ್ ಅಪ್‌ಡೇಟ್ ಮಾಡಿಕೊಡ್ತೇವೆ' ಎನ್ನುವ ಒಂದು ಸಾಫ್ಟ್‌ವೇರೂ ಅಲ್ಲಿತ್ತು, ಅದನ್ನೂ ತೆಗೆದೆ. ಡ್ರೈವರ್ ಬೇಕಿದ್ದರೆ ವಿಂಡೋಸ್ ಅಪ್‌ಡೇಟಿನಿಂದ ಅಥವಾ ತಯಾರಕರ ಸೈಟಿನಿಂದ ಮಾತ್ರ ತೆಗೆದುಕೊಳ್ಳಿ.

ಬೆಂಗಳೂರಿಗೆ ಬಂದ ಮೇಲೆ ಗುರುವಾರ ಭಾವನ ಫೋನ್. ಒಂದು ಆಲ್ಬಮ್ ಪ್ರಿಂಟಿಗೆ ಹೋಗಿದೆಯಂತೆ. ಹಾರ್ಡ್‌ಡಿಸ್ಕಿನ ಕಾಪಿ ಮನೆಯಲ್ಲಿ ಅಕ್ಕನ ಕಪಾಟಿನಲ್ಲಿದೆಯಂತೆ.

"ಕರೆಂಟ್ ಉಂಟಾ?" ಕೇಳಿದೆ.

"ಬೆಳಗ್ಗಿಂದ ಉಂಟು. ಕಂಪ್ಯೂಟರೂ ಉಂಟು. ಆ ಡಾಂಗಲ್ ನಿನಗೆ ಬೇಕಾ ಭಾವ?"