ಬಸವನಹುಳುವೂ ಬಡವನ ಹಸುವೂ

ನಿಟ್ಟೂರಿನಿಂದ ಸಾಗರದವರೆಗೆ ಮಲೆನಾಡಿನ ಬಡವನ ಬ್ಯಾಂಕು ಅವನ ಕೊಟ್ಟಿಗೆಯಲ್ಲಿದೆ. ಅಕ್ಕಿ ಗಿರಣಿಯ ಕೂಲಿಗಾರನಿಗೂ ಪೇಟೆಯ ಚಿಲ್ಲರೆ ಅಂಗಡಿಯವನಿಗೂ ಮನೆಯ ಹಸು ಕೊಡುವ ಹಾಲು ಇನ್ನೊಂದು ಸಂಬಳವಿದ್ದಂತೆ. ಅಂಥ ಹಸು ಮೇವಿದ್ದೂ ಬಡಕಲಾಗುತ್ತದೆ, ದವಡೆಯ ಕೆಳಗೆ ನೀರು ತುಂಬಿ ಊದುತ್ತದೆ, ಹಾಲು ಇಳಿಯುತ್ತದೆ. ಮನೆಯವರು ದೃಷ್ಟಿ ತಾಗಿತೆಂದು ಹರಕೆ ಹೊರುತ್ತಾರೆ. ಶತ್ರು ಇರುವುದು ಗದ್ದೆಯ ಕಾಲುವೆಯಲ್ಲಿ.

ಈಲಿಹುಳು ಎಲೆಯಂತೆ ಚಪ್ಪಟೆಯಾದ ಜೀವಿ. ದನದ ಪಿತ್ತನಾಳದಲ್ಲಿ ಕುಳಿತು ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಮೊಟ್ಟೆ ಸಗಣಿಯೊಡನೆ ನೀರಿಗೆ ಬಿದ್ದು ಮರಿಯಾಗುತ್ತದೆ. ಆ ಮರಿ ಬೇಗನೆ ಸಿಹಿನೀರಿನ ಬಸವನಹುಳುವಿನ ದೇಹವನ್ನು ಹೊಗಬೇಕು, ಇಲ್ಲವಾದರೆ ಸಾಯುತ್ತದೆ. ಹೊಕ್ಕಿತೋ, ಒಂದು ನೂರಾರಾಗಿ ಹೊರಬಂದು ಹುಲ್ಲಿನ ಬುಡಕ್ಕೆ ಅಂಟಿ ಕೋಶ ಕಟ್ಟಿಕೊಳ್ಳುತ್ತದೆ. ಆ ಹುಲ್ಲನ್ನು ದನ ಮೇಯುತ್ತದೆ. ಬಸವನಹುಳು ಇಲ್ಲಿ ಬಿಟ್ಟಿ ಬಾಡಿಗೆಯ ಮನೆ. ಬಾಡಿಗೆ ತೆರುವವನು ಬಡವ.

1879-80ರಲ್ಲಿ ಇಂಗ್ಲೆಂಡಿನಲ್ಲಿ ಇದೇ ಜಾತಿಯ ಹುಳುವಿನಿಂದ ಸುಮಾರು 30 ಲಕ್ಷ ಕುರಿಗಳು ಸತ್ತವು. ಆಗ ಆಕ್ಸ್‌ಫರ್ಡಿನ ಥಾಮಸ್ ಮತ್ತು ಜರ್ಮನಿಯ ಲ್ಯೂಕಾರ್ಟ್ ಬೇರೆಬೇರೆಯಾಗಿ ದುಡಿದು, 1883ರ ಹೊತ್ತಿಗೆ ಬಸವನಹುಳುವಿನ ಪಾತ್ರವನ್ನು ತೋರಿಸಿಕೊಟ್ಟರು. ದನಗಳ ಗೊರಕೆ ರೋಗಕ್ಕೆ ಕಾರಣವಾದ ಮೂಗಿನ ರಕ್ತನಾಳದ ಹುಳುವನ್ನು 1933ರಲ್ಲಿ ಮದರಾಸಿನ ರಾವ್ ವಿವರಿಸಿದರು. ಅದಕ್ಕೂ ಬಸವನಹುಳುವೇ ಆಶ್ರಯ. ಅದು ನೀರಿಗಿಳಿದ ದನದ ಚರ್ಮದ ಮೂಲಕವೇ ಒಳಹೊಗುತ್ತದೆ. ದನದ ಇಂಥ ರಕ್ತಹುಳುಗಳ ಮರಿಗಳು ನಾಟಿ ಮಾಡುವವರ ಕಾಲಿಗೂ ತುರಿಕೆ ತರುತ್ತವೆ.

ವಿಜ್ಞಾನ ಕಂಡುಹಿಡಿದು ನೂರು ವರ್ಷ ಕಳೆದರೂ ಕೊಟ್ಟಿಗೆಗೆ ಅದು ತಲುಪದಿದ್ದರೆ ತಪ್ಪು ಯಾರದು? 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಕಣಿವೆಯ ಗದ್ದೆ, ಗೋಮಾಳಗಳು ಮುಳುಗಿದವು. ನಾಡಿಗೆ ಬೆಳಕು ಬಂತು. ದನಗಳಿಗೆ ಉಳಿದದ್ದು ಹಿನ್ನೀರು ಇಳಿದ ಮೇಲೆ ಚಿಗುರುವ ಜೌಗು ಹುಲ್ಲು. ಒಣ ಗೋಮಾಳ ಉಳ್ಳವರ ಬೇಲಿಯೊಳಗೆ ಸೇರಿದಷ್ಟೂ ಬಡವನ ಹಸು ಬಸವನಹುಳುವಿನ ಹತ್ತಿರ ಹೋಗುತ್ತದೆ. ಇದು ಕೇವಲ ರೋಗದ ಮಾತಲ್ಲ, ಭೂಮಿಯ ಮಾತು.

ನಮ್ಮ ಕೈಯಲ್ಲಿರುವುದನ್ನು ನಾವು ಮಾಡೋಣ. ಹಸಿ ಸಗಣಿ ಕಾಲುವೆಗೆ ಬೀಳದಂತೆ ಗುಂಡಿಗೆ ಹಾಕಿ ಕೊಳೆಸೋಣ; ಗೊಬ್ಬರದ ಕಾವಿಗೆ ಮೊಟ್ಟೆ ಸಾಯುತ್ತದೆ. ಜೌಗಿನ ಹುಲ್ಲನ್ನು ಚೆನ್ನಾಗಿ ಒಣಗಿಸಿ ಹಾಕೋಣ. ಬಾತುಕೋಳಿ ಸಾಕಿದರೆ ಬಸವನಹುಳು ತಿನ್ನುತ್ತದೆ, ಮೊಟ್ಟೆಯೂ ಸಿಗುತ್ತದೆ. ಔಷಧ ಉಂಟು, ಆದರೆ ಅಂದಾಜಿನಲ್ಲಿ ಕುಡಿಸಬಾರದು. ಎಷ್ಟು ದಿನ ಹಾಲು ಮಾರಬಾರದೆಂಬುದನ್ನೂ ವೈದ್ಯರಲ್ಲೇ ಕೇಳಬೇಕು.

ಸರ್ಕಾರದ ಮುಂದೆ ನಮ್ಮ ಬೇಡಿಕೆ ಮೂರು. ಮಳೆಗೆ ಮುಂಚೆ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ ಊರೂರಲ್ಲಿ ಸಗಣಿ ಪರೀಕ್ಷೆಯಾಗಲಿ, ಔಷಧ ಪುಕ್ಕಟೆ ಸಿಗಲಿ. ಒತ್ತುವರಿಯಾದ ಗೋಮಾಳ ಬಿಡಿಸಿ ಊರಿಗೆ ಕೊಡಲಿ. ದನಗಳಿಗೆ ಕುಡಿಯಲು ಶುದ್ಧ ನೀರಿನ ತೊಟ್ಟಿ ಕಟ್ಟಲಿ.

1951ರಲ್ಲಿ ಕಾಗೋಡಿನ ಗೇಣಿದಾರರು ಕೊಳಗದ ಅಳತೆಯ ಮೋಸವನ್ನು ಕಂಡು ಎದ್ದು ನಿಂತರು. ಆ ಕೊಳಗ ಕಣ್ಣಿಗೆ ಕಾಣುತ್ತಿತ್ತು. ಸಗಣಿಯೊಳಗಿನ ಮೊಟ್ಟೆ ಕಾಣುವುದಿಲ್ಲ. ಆದ್ದರಿಂದ ಅದನ್ನು ತೋರಿಸಿಕೊಡುವುದೂ ಸಂಘಟನೆಯ ಕೆಲಸವೇ. ಮುಂದಿನ ಗ್ರಾಮಸಭೆಯಲ್ಲಿ ಈ ಮೂರು ಬೇಡಿಕೆಗಳನ್ನು ಎತ್ತಿ, ನಡಾವಳಿ ಪುಸ್ತಕದಲ್ಲಿ ಬರೆಯಿಸಿಯೇ ಏಳಿರಿ.