ಬೀಜ ಬಂತು, ಗದ್ದೆ ಉಳಿಯಿತೆ?

ವಿಜ್ಞಾನ ಮುಂದುವರಿದರೆ ಹಸಿವು ತಾನಾಗಿಯೇ ತೊಲಗುತ್ತದೆಂದು ವೇದಿಕೆ ಹತ್ತಿದ ಮಂತ್ರಿಗಳೆಲ್ಲ ಹೇಳುತ್ತಾರೆ. ಕ್ಯೂರಿಂಗಿನಲ್ಲಿ ಮೂಟೆ ಹೊರುವ ಅಣ್ಣಂದಿರೂ, ಸಂತೆಯಲ್ಲಿ ತಕ್ಕಡಿ ಹಿಡಿದ ವ್ಯಾಪಾರಿ ಬಂಧುಗಳೂ ಈ ಮಾತನ್ನು ಸ್ವಲ್ಪ ತೂಗಿ ನೋಡಬೇಕು.

ವಿಜ್ಞಾನ ತನ್ನ ಪಾಲಿನ ಕೆಲಸ ಮಾಡಿದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರ್ ಶೈಲಜಾ ಹಿತ್ತಲಮನಿ ಅವರು ಭತ್ತದ ಬೇರಿನ ಬೆನ್ನು ಹತ್ತಿ ವರ್ಷಗಟ್ಟಲೆ ದುಡಿದರು. ಬೇರು ಆಳಕ್ಕಿಳಿದರೆ ಪೈರು ಬರವನ್ನು ತಡೆಯುತ್ತದೆ. ಆದರೆ ಬೇರು ಮಣ್ಣಿನೊಳಗಿನದು. ಯಾವ ಸಸಿಯ ಬೇರು ಆಳವೆಂದು ತಿಳಿಯಲು ಅದನ್ನು ಕಿತ್ತೇ ನೋಡಬೇಕಿತ್ತು. ಜೈವಿಕ ತಂತ್ರಜ್ಞಾನ ಆ ಕಷ್ಟವನ್ನು ತಪ್ಪಿಸಿತು: ಎಳೆಯ ಎಲೆಯ ಡಿಎನ್‌ಎಯಲ್ಲಿರುವ ಗುರುತನ್ನು ನೋಡಿಯೇ ಆರಿಸಬಹುದಾಯಿತು. ಫಿಲಿಪೀನ್ಸಿನ ಆಳಬೇರಿನ ಭತ್ತಕ್ಕೂ ಹೆಚ್ಚು ಇಳುವರಿಯ ತಳಿಗೂ ಸಂಕರ ಮಾಡಿ, ಹೀಗೆ ಆರಿಸಿದ ಎಂಎಎಸ್ 946-1 ಎಂಬ ತಳಿ 2007ರಲ್ಲಿ ಬಿಡುಗಡೆಯಾಯಿತು. ಇದಕ್ಕೆ ಗದ್ದೆಯಲ್ಲಿ ನೀರು ನಿಲ್ಲಿಸಬೇಕಿಲ್ಲ. ರಾಗಿಯಂತೆ ನೇರ ಬಿತ್ತಬಹುದು. ನೀರು ಸುಮಾರು ಅರ್ಧ ಸಾಕು.

ಜೈವಿಕ ತಂತ್ರಜ್ಞಾನವೆಂದೊಡನೆ ಕಂಪೆನಿಯ ಸಂಚು ಎಂದು ಕೂಗುವವರು ನಮ್ಮೊಳಗೂ ಇದ್ದಾರೆ. ಕೂಗುವ ಮೊದಲು ವಿಚಾರಿಸಬೇಡವೆ? ಇದರಲ್ಲಿ ಬೇರೆ ಜೀವಿಯ ವಂಶವಾಹಿ ತುರುಕಿಲ್ಲ. ಇದು ವರ್ಷವರ್ಷವೂ ಹೊಸದಾಗಿ ಕೊಳ್ಳಬೇಕಾದ ಹೈಬ್ರಿಡ್ಡೂ ಅಲ್ಲ. ರೈತ ತನ್ನ ಕಣಜದಿಂದಲೇ ಬೀಜ ತೆಗೆದಿಡಬಹುದು. ಸರ್ಕಾರಿ ವಿಶ್ವವಿದ್ಯಾನಿಲಯದಲ್ಲಿ, ಸಾರ್ವಜನಿಕರ ಸೇವೆಯಲ್ಲಿದ್ದವರು ಮಾಡಿದ ಕೆಲಸವಿದು. ಇದನ್ನು ಕಂಪೆನಿಯ ತಲೆಗೆ ಕಟ್ಟುವುದು ನಮ್ಮ ಸ್ವತ್ತನ್ನು ನಾವೇ ಬಿಟ್ಟುಕೊಟ್ಟಂತೆ.

ಹಾಗಾದರೆ ತಪ್ಪೆಲ್ಲಿದೆ? ಪಾಠ ಹೇಳುವುದನ್ನು ಬಿಟ್ಟು ಪಕ್ಷದ ಕೆಲಸಕ್ಕೆ ಬಂದ ಮೇಲೆ, ಆಲೂರಿನ ಕಡೆಯ ಹಳ್ಳಿಯೊಂದರಲ್ಲಿ ಈ ಭತ್ತದ ವಿಷಯ ಎತ್ತಿದೆ. ಮುದುಕರೊಬ್ಬರು ಎಲೆಯಡಿಕೆ ಉಗಿದು ಕೇಳಿದರು: “ಬೀಜ ಆಯ್ತು ಮೇಷ್ಟ್ರೇ, ಆನೆ ಕಾಯೋರು ಯಾರು? ಆಳಿನ ಕೂಲಿ ಕೊಡೋರು ಯಾರು?” ನನ್ನ ಬಾಯಿ ಕಟ್ಟಿತು.

ಗೊರೂರಿನಲ್ಲಿ 1979ರಲ್ಲಿ ಅಣೆಕಟ್ಟು ಮುಗಿದು ಹೇಮಾವತಿ ಕೆಳಗಿನ ಬಯಲಿಗೆ ಹರಿದಳು. ಹಿನ್ನೀರಿನಲ್ಲಿ ಗದ್ದೆ ಹೋದವರು ಮಲೆಯವರು. ಆನೆಗಳ ಹಾವಳಿ ಎಷ್ಟೆಂದರೆ 2014ರಲ್ಲಿ ಇಪ್ಪತ್ತೆರಡು ಆನೆಗಳನ್ನು ಹಿಡಿದು ಸಾಗಿಸಬೇಕಾಯಿತು. ಅಷ್ಟಾದರೂ ಕಾಟ ನಿಲ್ಲಲಿಲ್ಲ. ಸಕಲೇಶಪುರದ ಕಣಿವೆಗಳಲ್ಲಿ ಎಷ್ಟು ಗದ್ದೆ ಬೀಳುಬಿದ್ದಿದೆಯೆಂದು ಬಸ್ಸಿನ ಕಿಟಕಿಯಿಂದಲೇ ನೋಡಬಹುದು. ದುಡ್ಡುಳ್ಳವನು ಗದ್ದೆಗೆ ಮಣ್ಣು ತುಂಬಿ ತೋಟ ಮಾಡುತ್ತಾನೆ. ಇಲ್ಲದವನು ಹಾಳುಬಿಟ್ಟು ಊರು ಬಿಡುತ್ತಾನೆ. ನಮ್ಮ ಜಿಲ್ಲೆಯ ರಾಜಮುಡಿ ಅಕ್ಕಿ ಪಟ್ಟಣದ ಉಳ್ಳವರ ಊಟದ ವಿಶೇಷವಾಯಿತು.

ಇದು ಮಲೆಯವರ ಗೋಳು, ನಮಗೇನು ಎನ್ನಬೇಡಿ. 2023ರಲ್ಲಿ ಏನಾಯಿತು? ಅನ್ನಭಾಗ್ಯದ ಹೆಚ್ಚಿನ ಐದು ಕಿಲೋ ಅಕ್ಕಿ ಕೊಡಲು ರಾಜ್ಯದ ಬಳಿ ಹಣವಿತ್ತು, ಅಕ್ಕಿ ಇರಲಿಲ್ಲ. ಕೇಂದ್ರ ತನ್ನ ಉಗ್ರಾಣದಿಂದ ಮಾರಲು ಒಪ್ಪಲಿಲ್ಲ. ಕೊನೆಗೆ ಕಿಲೋಗೆ 34 ರೂಪಾಯಿಯಂತೆ ನಗದು ಕೊಟ್ಟರು. ರೂಪಾಯಿಯನ್ನು ಬೇಯಿಸಿ ತಿನ್ನಲಾದೀತೆ? ಅಂಗಡಿಯಲ್ಲಿ ಅಕ್ಕಿ ಏರಿದರೆ ಗಿರಾಕಿ ಬೈಯುವುದು ಚಿಲ್ಲರೆ ವ್ಯಾಪಾರಿಯನ್ನು. ಹಸಿದು ಕೆಲಸಕ್ಕೆ ಹೋಗುವವನು ಕೂಲಿಯವನು. ಗದ್ದೆ ಹಾಳಾದರೆ ಇಬ್ಬರಿಗೂ ಪೆಟ್ಟು.

ಆದುದರಿಂದ ನಮ್ಮ ಒತ್ತಾಯವಿಷ್ಟು. ನೀರು ನಿಲ್ಲದ ಮೇಲಣ ಗದ್ದೆಗಳಲ್ಲಿ ಇಂಥ ತಳಿಗಳನ್ನು ಸರ್ಕಾರವೇ ರೈತರ ಕಣ್ಣೆದುರು ಬೆಳೆದು ಪರೀಕ್ಷಿಸಲಿ. ಆನೆ ತುಳಿದ ಬೆಳೆಗೆ ಅದೇ ಹಂಗಾಮಿನಲ್ಲಿ ಪೂರ್ತಿ ಪರಿಹಾರ ಸಿಗಲಿ, ಗೇಣಿಗೆ ಮಾಡುವವನಿಗೂ ಸಿಗಲಿ. ಸುಗ್ಗಿ ಮುಗಿಯುವ ಮುನ್ನವೇ ಹೋಬಳಿಯಲ್ಲಿ ಖರೀದಿ ಕೇಂದ್ರ ತೆರೆಯಲಿ.

ವಿಜ್ಞಾನಿ ಬೇರನ್ನು ಆಳಕ್ಕಿಳಿಸಿದರು. ಆ ಬೇರು ಊರಲು ಗದ್ದೆಯನ್ನು ಉಳಿಸುವ ಹೊಣೆ ಸರ್ಕಾರದ್ದು. ಸರ್ಕಾರವನ್ನು ಎಬ್ಬಿಸುವ ಹೊಣೆ ನಮ್ಮದು.